ಮೇಲ್ದವಡೆಯ ಕುಹರವೂ ಕೃತಕದಂತರೋಪಣದ ಚರಿತ್ರೆಯೂ

ಮಾನವದೇಹದ ಅವಯವಗಳಲ್ಲಿ ದಂತಗಳಿಗೆ ದ್ವಿವಿಧವಾದ ಅಧಿಕಾರವುಂಟು. ಅನ್ನವು ಮೊದಲು ಹಲ್ಲಿಗೆ ಸಿಕ್ಕಿ ನುರಿತು ಅನಂತರವೇ ಜಠರವನ್ನು ಸೇರುವುದು. ಅಕ್ಷರವು ಹಲ್ಲನ್ನು ತಾಕಿ ಸ್ಫುಟವಾಗಿ ಅನಂತರವೇ ಕೇಳುವವರ ಕಿವಿಯನ್ನು ಮುಟ್ಟುವುದು. ತವರ್ಗದ ಅಕ್ಷರಗಳಿಗೆ ವೈಯಾಕರಣರು ದಂತ್ಯಗಳೆಂದು ಹೆಸರಿಟ್ಟಿರುವುದು ಈ ಕಾರಣದಿಂದಲೇ. ಅನ್ನದಾಸೋಹಕ್ಕೂ ಜ್ಞಾನದಾಸೋಹಕ್ಕೂ ನೆಲೆಯಾದ ಮಠವೊಂದರ ಸ್ಮಾರಕಗ್ರಂಥದಲ್ಲಿ ದಂತವಿಚಾರವು ಬಂದರೆ ಅದು ಅಪ್ರಸ್ತುತವೆಂದು ಸದ್ಭಕ್ತರು ಭಾವಿಸಲಾರರು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂಬ ಈ ಐದು ತಾಲ್ಲೂಕುಗಳ ಸೀಮೆಯಲ್ಲಿ ಜೋಳದ ರೊಟ್ಟಿಗೆ ಊಟದೊಳಗೆ ಅಗ್ರಸ್ಥಾನವಿರುವುದು. ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಜಾತ್ರೆಯ ದಿನ ಮಂಡಕ್ಕಿ, ಇವೆಲ್ಲವೂ ದವಡೆಹಲ್ಲನ್ನು ಬೇಡುವ ಆಹಾರಗಳೇ. ಮೇಲ್ದವಡೆಯ ಹಿಂಭಾಗದ ಹಲ್ಲುಗಳು ಬಿದ್ದುಹೋದ ಹಿರಿಯರು ಪಂಕ್ತಿಯಲ್ಲಿ ಕುಳಿತು ರೊಟ್ಟಿಯನ್ನು ಹಾಲಿನಲ್ಲಿಯೋ ಸಾರಿನಲ್ಲಿಯೋ ನೆನೆಯಿಸಿ ನುಂಗುವುದನ್ನು ಕಾಣದವರು ವಿರಳ. ಹೊರಗಿನವರಿಗೆ ಇದು ಸಣ್ಣ ಕೊರತೆಯೆಂದು ತೋರಬಹುದು. ಅನುಭವಿಸುವವರಿಗೆ ಅದು ದಿನಕ್ಕೆರಡು ಸಲದ ಸಂಕಟವಾಗಿರುವುದು.

ಈ ಸಂಕಟಕ್ಕೆ ಜೊತೆಯಾಗಿ ಎರಡು ಭಯಗಳೂ ಜನರಲ್ಲಿ ನೆಲೆಗೊಂಡಿವೆ. ಮೊದಲನೆಯದು ಹಳೆಯದು: ಮೇಲಿನ ಹಲ್ಲನ್ನು ಕೀಳಿಸಿದರೆ ಕಣ್ಣಿನ ನೋಟ ಹೋಗುವುದೆಂಬ ನಂಬಿಕೆ. ಎರಡನೆಯದು ಹೊಸದು: ಕೃತಕ ಹಲ್ಲನ್ನು ನೆಡಿಸಿಕೊಳ್ಳಲು ಹೋದವರಿಗೆ ದಂತವೈದ್ಯರು ಮೇಲಿನ ಎಲುಬು ಸಾಲದು, ಸೈನಸ್ ಎತ್ತಬೇಕು ಎಂದು ಹೇಳಿದೊಡನೆ ಹುಟ್ಟುವ ದಿಗಿಲು. ಮೂಗಿನ ಮಗ್ಗುಲಲ್ಲಿ, ಕಣ್ಣಿನ ಕೆಳಗೆ ಶಸ್ತ್ರವನ್ನಾಡಿಸುವರೆಂದು ಕೇಳಿ ಎಷ್ಟೋ ಮಂದಿ ಮರಳಿ ಆ ಬಾಗಿಲಿಗೆ ಹೋಗುವುದಿಲ್ಲ. ಈ ಎರಡು ಭಯಗಳಿಗೂ ಮೂಲವಾದ ಸ್ಥಾನವು ಒಂದೇ ಎಂಬುದನ್ನೂ, ಆ ಸ್ಥಾನವನ್ನು ಮನುಷ್ಯನು ಕ್ರಮಕ್ರಮವಾಗಿ ಅರಿತುಕೊಂಡ ಬಗೆಯನ್ನೂ ನಿರೂಪಿಸುವುದೇ ಈ ಲೇಖನದ ಉದ್ದೇಶವಾಗಿದೆ.

ಪ್ರಾಚೀನರ ಮಾತು

ಭರತಖಂಡದ ಶಸ್ತ್ರವೈದ್ಯಕ್ಕೆ ಆಕರವಾದ ಸುಶ್ರುತಸಂಹಿತೆಯು ಬಾಯಿಯ ರೋಗಗಳನ್ನು ೬೫ ಎಂದು ಎಣಿಸಿರುವುದು. ತುಟಿಯಲ್ಲಿ ೮, ಹಲ್ಲಿನ ಬುಡದಲ್ಲಿ ೧೫, ಹಲ್ಲಿನಲ್ಲಿ ೮, ನಾಲಗೆಯಲ್ಲಿ ೫, ತಾಲುವಿನಲ್ಲಿ ೯, ಕಂಠದಲ್ಲಿ ೧೭, ಸಮಗ್ರ ಮುಖದಲ್ಲಿ ೩ ಎಂಬುದು ಅದರ ವಿಂಗಡಣೆ. ಹಲ್ಲಿನ ರೋಗಗಳಿಗಿಂತ ಹಲ್ಲಿನ ಬುಡದ ರೋಗಗಳನ್ನು ಹೆಚ್ಚಾಗಿ ಎಣಿಸಿರುವುದು ಗಮನಾರ್ಹವಾದುದು. ಮರವು ಬೀಳುವುದು ಬೇರು ಸಡಿಲಿದಾಗ ಎಂಬುದನ್ನು ಆ ಆಚಾರ್ಯರು ಬಲ್ಲವರಾಗಿದ್ದರು.

ಅದೇ ಸಂಹಿತೆಯ ಚಿಕಿತ್ಸಾಸ್ಥಾನದ ೨೨ನೆಯ ಅಧ್ಯಾಯದಲ್ಲಿ ಒಂದು ನಿಷೇಧವಿದೆ. ಬುಡ ಗಟ್ಟಿಯಾಗಿರುವ ಮೇಲಿನ ಹಲ್ಲನ್ನು ಕಿತ್ತರೆ ರಕ್ತವು ಅತಿಯಾಗಿ ಹರಿದು ಘೋರ ವ್ಯಾಧಿಗಳುಂಟಾಗುವುವು, ರೋಗಿಯು ಒಂದು ಕಣ್ಣನ್ನು ಕಳೆದುಕೊಳ್ಳುವನು, ಅವನ ಮುಖವು ಅರ್ದಿತವಾತದಿಂದ ಸೊಟ್ಟಗಾಗುವುದು. ಆದಕಾರಣ ಅಲುಗುತ್ತಿದ್ದರೂ ಮೇಲಿನ ಹಲ್ಲನ್ನು ವೈದ್ಯನು ಕೀಳಕೂಡದು ಎಂಬುದು ಅದರ ತಾತ್ಪರ್ಯ. ಕೆಳಗಿನ ಹಲ್ಲಿಗೆ ಇಂಥ ನಿಷೇಧವಿಲ್ಲ. ಹಳ್ಳಿಗಳಲ್ಲಿ ಇಂದಿಗೂ ಕೇಳಿಬರುವ ಕಣ್ಣಿನ ಭಯವು ಈ ಮಾತಿನಂತೆಯೇ ಇರುವುದನ್ನು ಓದುಗರು ಗಮನಿಸಬಹುದು.

ಪ್ರಾಚೀನರ ಈ ಮಾತನ್ನು ಹೇಗೆ ಗ್ರಹಿಸಬೇಕು? ಅರಿವಳಿಕೆಯೂ, ರಕ್ತವನ್ನು ತಡೆಯುವ ಈಗಿನ ಸಾಧನಗಳೂ, ಕೀವನ್ನು ನಿಗ್ರಹಿಸುವ ಔಷಧಗಳೂ ಇಲ್ಲದ ಕಾಲದಲ್ಲಿ ಮೇಲ್ದವಡೆಯಲ್ಲಿ ಕೈಯಿಡುವುದು ಅಪಾಯವೆಂದು ಅವರು ಅನುಭವದಿಂದ ಕಂಡುಕೊಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಕಣ್ಣಿನ ನೋಟಕ್ಕೆ ಕಾರಣವಾದ ನರವು ಬೇರೆ, ಹಲ್ಲಿಗೆ ಸೇರಿದ ನರವು ಬೇರೆ. ರೋಗದಿಂದ ಕೆಟ್ಟ ಹಲ್ಲನ್ನು ಬಲ್ಲವರಿಂದ ತೆಗೆಯಿಸಿದರೆ ನೋಟವು ಕುಂದುವುದಿಲ್ಲ. ಕೀವುಗಟ್ಟಿದ ಹಲ್ಲನ್ನು ಭಯದಿಂದ ಹಾಗೆಯೇ ಇಟ್ಟುಕೊಂಡರೆ ಅದರ ವಿಷವು ಸುತ್ತಲಿನ ಮಾಂಸಕ್ಕೂ ಎಲುಬಿಗೂ ಹಬ್ಬುವುದೇ ನಿಜವಾದ ಅಪಾಯವು. ಆಚಾರ್ಯರ ಎಚ್ಚರವನ್ನು ಗೌರವಿಸಬೇಕು. ಅವರು ಕಾಣಲು ಸಾಧ್ಯವಿಲ್ಲದಿದ್ದುದನ್ನು ಮುಂದಿನವರು ಕಂಡಾಗ ಅದನ್ನೂ ಅಂಗೀಕರಿಸಬೇಕು.

ಕುಹರದ ದರ್ಶನ

ಅವರು ಕಾಣದೆ ಉಳಿದುದು ಯಾವುದು? ಮೇಲ್ದವಡೆಯ ದವಡೆಹಲ್ಲುಗಳ ಬೇರಿನ ಮೇಲೆ, ಕೆನ್ನೆಯ ಎಲುಬಿನ ಒಳಗೆ, ಎಡಬಲಗಳಲ್ಲಿ ಒಂದೊಂದರಂತೆ ಟೊಳ್ಳಾದ ಎರಡು ಕೋಣೆಗಳಿವೆ. ಇವುಗಳಿಗೆ ವೈದ್ಯರು ಮ್ಯಾಕ್ಸಿಲರಿ ಸೈನಸ್ ಎಂದು ಹೇಳುವರು. ದವಡೆಯ ಕುಹರವೆಂದು ಕರೆಯಬಹುದು. ಕುಹರದ ಛಾವಣಿಯು ಕಣ್ಣುಗುಡ್ಡೆಯ ನೆಲವಾಗಿರುವುದು. ಕುಹರದ ನೆಲವು ಹಲ್ಲುಗಳ ಮೇಲಿನ ಎಲುಬು. ಒಳಮಗ್ಗುಲಿನ ಗೋಡೆಯು ಮೂಗಿಗೆ ಹೊಂದಿಕೊಂಡಿರುವುದು. ವಯಸ್ಕರಲ್ಲಿ ಅದರ ಒಳಜಾಗವು ಸುಮಾರು ೧೨ರಿಂದ ೧೫ ಮಿಲಿಲೀಟರ್. ಗಾಳಿಯ ಹೊರತು ಅದರಲ್ಲಿ ಬೇರೆ ಏನೂ ಇರದು. ಒಳಗೋಡೆಗೆಲ್ಲ ಈರುಳ್ಳಿಯ ತೊಳೆಗಳ ನಡುವೆ ಕಾಣುವ ತೆಳುಪೊರೆಯಂತಹ, ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತಲೂ ತೆಳುವಾದ ಪೊರೆಯು ಹೊದಿಸಲ್ಪಟ್ಟಿದೆ. ಈ ಪೊರೆಯಲ್ಲಿ ಒಸರುವ ತೇವವು ಕುಹರದ ಮೇಲ್ಭಾಗದಲ್ಲಿರುವ ಸಣ್ಣ ರಂಧ್ರದಿಂದ ಮೂಗಿಗೆ ಹೋಗುವುದು. ರಂಧ್ರವು ಮೇಲಿರುವುದರಿಂದಲೇ ನೆಗಡಿಯಾದಾಗ ಕೆನ್ನೆ ಭಾರವಾಗಿ, ಮೇಲಿನ ಹಲ್ಲುಗಳೂ ನೋಯುವಂತೆ ತೋರುವುದು.

ಇಟಲಿಯ ಲಿಯೊನಾರ್ಡೊ ದ ವಿಂಚಿಯು ೧೪೮೯ರಲ್ಲಿ ತಲೆಬುರುಡೆಯನ್ನು ಸೀಳಿ ಬರೆದ ಚಿತ್ರಗಳಲ್ಲಿ ಈ ಕುಹರವು ಕಾಣುವುದು. ಆದರೆ ಆ ಚಿತ್ರಗಳು ಬಹುಕಾಲ ಪ್ರಕಟವಾಗದೆ ಉಳಿದವು. ಕುಹರವನ್ನು ವಿವರವಾಗಿ ವರ್ಣಿಸಿ ಲೋಕಕ್ಕೆ ಪರಿಚಯ ಮಾಡಿಸಿದ ಕೀರ್ತಿಯು ಇಂಗ್ಲೆಂಡಿನ ವೈದ್ಯನಾದ ನಥಾನಿಯಲ್ ಹೈಮೋರ್ ಎಂಬವನಿಗೆ ಸಂದಿತು. ೧೬೫೧ರಲ್ಲಿ ಅವನು ಪ್ರಕಟಿಸಿದ ಶರೀರಶಾಸ್ತ್ರದ ಗ್ರಂಥದಲ್ಲಿ ಒಬ್ಬ ರೋಗಿಯ ವೃತ್ತಾಂತವಿದೆ. ಮೇಲ್ದವಡೆಯ ಕೋರೆಹಲ್ಲನ್ನು ತೆಗೆಯಿಸಿಕೊಂಡ ಒಬ್ಬ ಸ್ತ್ರೀಗೆ ಆ ಕುಳಿಯಿಂದ ಕೀವು ಸೋರುತ್ತಲೇ ಇದ್ದಿತು. ಅವಳು ಕುಳಿಯೊಳಗೆ ಕಡ್ಡಿಯನ್ನು ತೂರಿಸಿ ನೋಡಿದಾಗ ಅದು ತಡೆಯಿಲ್ಲದೆ ಬಹುದೂರ ಒಳಗೆ ಹೋಯಿತು. ಅದು ಮಿದುಳನ್ನೇ ಮುಟ್ಟಿತೆಂದು ಹೆದರಿ ಅವಳು ವೈದ್ಯನ ಬಳಿಗೆ ಬಂದಳು. ಅಲ್ಲಿ ಸಹಜವಾಗಿಯೇ ಒಂದು ಟೊಳ್ಳು ಇರುವುದೆಂದೂ, ಹೆದರಬೇಕಾದುದಿಲ್ಲವೆಂದೂ ಅವನು ಅವಳಿಗೆ ಸಮಾಧಾನ ಹೇಳಿದನು.

ಸುಶ್ರುತನ ನಾಡಿನ ಭಯವೂ ಆ ಆಂಗ್ಲ ಸ್ತ್ರೀಯ ಭಯವೂ ಒಂದೇ ಸ್ಥಾನದಿಂದ ಹುಟ್ಟಿದವುಗಳು. ಮೇಲಿನ ಹಲ್ಲಿನಾಚೆಗೆ ಏನಿದೆಯೆಂಬುದು ತಿಳಿಯದಿದ್ದುದೇ ಆ ಭಯದ ಬೀಜವು. ಹೈಮೋರನ ಹೆಸರು ಆ ಕುಹರಕ್ಕೆ ಬಹುಕಾಲ ಅಂಟಿಕೊಂಡಿತು. ಅದೇ ಶತಮಾನದಲ್ಲಿ ಜರ್ಮನಿಯ ಕಾನ್ರಾಡ್ ವಿಕ್ಟರ್ ಶ್ನೈಡರ್ ಎಂಬವನು ಮೂಗಿನ ಸಿಂಬಳವು ಮಿದುಳಿನಿಂದ ಇಳಿಯುವುದಲ್ಲ, ಒಳಪೊರೆಯಲ್ಲಿಯೇ ಉತ್ಪನ್ನವಾಗುವುದೆಂದು ತೋರಿಸಿದನು. ಆ ಪೊರೆಗೆ ಅವನ ಹೆಸರು ಇಂದಿಗೂ ಉಳಿದಿದೆ.

ತರುವಾಯ ಎರಡು ಶತಮಾನಗಳಿಗಿಂತ ಹೆಚ್ಚು ಕಾಲ ವೈದ್ಯರು ಈ ಕುಹರವನ್ನು ಹೊಕ್ಕದ್ದು ಮುಖ್ಯವಾಗಿ ಕೀವನ್ನು ತೆಗೆಯುವುದಕ್ಕಾಗಿ. ೧೮೯೩ರಲ್ಲಿ ನ್ಯೂಯಾರ್ಕಿನ ಜಾರ್ಜ್ ಕಾಲ್ಡ್‌ವೆಲ್, ೧೮೯೭ರಲ್ಲಿ ಪ್ಯಾರಿಸ್ಸಿನ ಹೆನ್ರಿ ಲ್ಯೂಕ್ ಇವರು ತುಟಿಯನ್ನು ಮೇಲೆತ್ತಿ, ಕೋರೆಹಲ್ಲಿನ ಮೇಲುಭಾಗದ ಎಲುಬಿನಲ್ಲಿ ಬಾಗಿಲನ್ನು ಮಾಡಿ ಕುಹರವನ್ನು ಪ್ರವೇಶಿಸುವ ಕ್ರಮವನ್ನು ಬೇರೆ ಬೇರೆಯಾಗಿ ವಿವರಿಸಿದರು. ಮುಖದ ಹೊರಗೆ ಗಾಯವಾಗದೆ ಬಾಯೊಳಗಿನಿಂದಲೇ ಅಲ್ಲಿಗೆ ತಲುಪಬಹುದೆಂಬುದು ಸಿದ್ಧವಾಯಿತು. ೧೮೯೫ರಲ್ಲಿ ರಂಟ್‌ಜೆನ್ನನು ಕಂಡುಹಿಡಿದ ಕ್ಷಕಿರಣಗಳಿಂದ ಎಲುಬನ್ನು ಕೊಯ್ಯದೆಯೇ ಒಳಗನ್ನು ನೋಡುವ ಮಾರ್ಗವೂ ತೆರೆಯಿತು.

ಲೋಹವೂ ಎಲುಬೂ ಕೂಡಿದ ಬಗೆ

ಕಳೆದ ಹಲ್ಲಿನ ಸ್ಥಾನದಲ್ಲಿ ಇನ್ನೊಂದನ್ನು ನೆಡುವ ಬಯಕೆಯು ಬಹು ಪುರಾತನವಾದುದು. ೧೯೩೧ರಲ್ಲಿ ಮಧ್ಯ ಅಮೆರಿಕೆಯ ಹೊಂಡುರಾಸಿನಲ್ಲಿ ದೊರೆತ, ಕ್ರಿಸ್ತಶಕ ೬೦೦ರ ಸುಮಾರಿನದೆಂದು ಎಣಿಸಲಾದ ಮಾಯಾ ಜನಾಂಗದ ದವಡೆಯೊಂದರಲ್ಲಿ ಚಿಪ್ಪಿನಿಂದ ಮಾಡಿದ ಮೂರು ಹಲ್ಲುಗಳು ನೆಟ್ಟಿದ್ದವು. ಆದರೆ ಅದು ಕೆಳದವಡೆಯಾಗಿದ್ದಿತು.

ಈ ಕಾಲದ ದಂತರೋಪಣಕ್ಕೆ ಅಸ್ತಿಭಾರವನ್ನು ಹಾಕಿದವರು ಸ್ವೀಡನ್ ದೇಶದ ಪರ್-ಇಂಗ್ವಾರ್ ಬ್ರಾನೆಮಾರ್ಕ್ ಅವರು. ೧೯೫೨ರ ಹೊತ್ತಿಗೆ ಅವರು ಹಲ್ಲಿನ ವಿಚಾರವನ್ನೇ ಮಾಡುತ್ತಿರಲಿಲ್ಲ. ಎಲುಬಿನೊಳಗೆ ರಕ್ತಸಂಚಾರವು ನಡೆಯುವ ಕ್ರಮವನ್ನು ನೋಡುವುದಕ್ಕಾಗಿ ಮೊಲದ ಕಾಲೆಲುಬಿನಲ್ಲಿ ಟೈಟೇನಿಯಂ ಎಂಬ ಲೋಹದ ಸಣ್ಣ ಕೊಳವೆಯನ್ನು ಕೂರಿಸಿದ್ದರು. ಪರೀಕ್ಷೆ ಮುಗಿದ ಮೇಲೆ ಅದನ್ನು ತೆಗೆಯಲು ಯತ್ನಿಸಿದರೆ ಅದು ಬರಲಿಲ್ಲ. ಎಲುಬು ಲೋಹಕ್ಕೆ ಬೆಸೆದುಕೊಂಡಿದ್ದಿತು. ವಿಘ್ನವೆಂದು ಕಂಡುದನ್ನೇ ಅವರು ಉಪಾಯವನ್ನಾಗಿ ಮಾಡಿಕೊಂಡರು. ೧೯೬೫ರಲ್ಲಿ ಗೋಸ್ತಾ ಲಾರ್ಸನ್ ಎಂಬವರ ಕೆಳದವಡೆಯಲ್ಲಿ ಟೈಟೇನಿಯಂ ಬೇರುಗಳನ್ನು ನೆಟ್ಟರು. ೨೦೦೬ರಲ್ಲಿ ಲಾರ್ಸನ್ನರು ತೀರಿಕೊಳ್ಳುವವರೆಗೂ, ಅಂದರೆ ನಾಲ್ವತ್ತು ವರ್ಷಗಳಿಗಿಂತ ಹೆಚ್ಚು ಕಾಲ, ಆ ಬೇರುಗಳು ಕೆಲಸ ಮಾಡಿದವು. ೧೯೮೨ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಸೇರಿದ ವಿದ್ವತ್ಸಭೆಯ ಮುಂದೆ ಈ ಫಲಿತಾಂಶಗಳನ್ನು ಇರಿಸಿದ ಮೇಲೆ ಇಂಪ್ಲಾಂಟ್ ಎಂಬ ಮಾತು ಲೋಕವ್ಯಾಪಕವಾಯಿತು. ಬ್ರಾನೆಮಾರ್ಕರು ೨೦೧೪ರಲ್ಲಿ ನಿಧನರಾದರು.

ಲಾರ್ಸನ್ನರಿಗೆ ನೆಟ್ಟದ್ದೂ ಕೆಳದವಡೆಗೇ ಎಂಬುದನ್ನು ಗಮನಿಸಬೇಕು. ಕೆಳದವಡೆಯ ಮುಂಭಾಗದ ಎಲುಬು ಗಟ್ಟಿಯಾದುದು. ಮೇಲ್ದವಡೆಯ ಹಿಂಭಾಗದ ಎಲುಬೋ ಮೃದುವಾದುದು, ಮೇಲಾಗಿ ಅಲ್ಪವಾದುದು. ದವಡೆಹಲ್ಲು ಹೋದ ಮೇಲೆ ಅಲ್ಲಿಯ ಎಲುಬು ಎರಡು ಕಡೆಯಿಂದ ಸವೆಯುತ್ತದೆ. ಅಗಿಯುವ ಕೆಲಸವಿಲ್ಲದ ದಿಣ್ಣೆಯು ಕೆಳಗಿನಿಂದ ಕರಗುವುದು. ಗಾಳಿ ತುಂಬಿದ ಕುಹರವು ಮೇಲಿನಿಂದ ಕೆಳಕ್ಕೆ ಹಿಗ್ಗುವುದು. ವರ್ಷಗಳು ಕಳೆದಂತೆ ಬಾಯಿಗೂ ಕುಹರಕ್ಕೂ ನಡುವೆ ಕೆಲವೇ ಮಿಲಿಮೀಟರ್ ಎಲುಬು ಉಳಿಯುವುದುಂಟು. ಗೂಟವನ್ನು ನೆಡಬೇಕಾದಲ್ಲಿ ಮಣ್ಣೇ ಇಲ್ಲದಂತಹ ಸ್ಥಿತಿಯಿದು. ಪ್ರಾಚೀನರು ಹೆದರಿದ ಆ ಮೇಲ್ದವಡೆಯೇ ಹೊಸ ವಿದ್ಯೆಗೂ ಕಡೆಯ ಕೋಟೆಯಾಗಿ ನಿಂತಿತು.

ಪೊರೆಯನ್ನು ಎತ್ತಿದವರು

ಆ ಕೋಟೆಯ ಬಾಗಿಲನ್ನು ತೆರೆದವರು ಅಮೆರಿಕೆಯ ಅಲಬಾಮಾ ಸಂಸ್ಥಾನದ ದಂತವೈದ್ಯ ಹಿಲ್ಟ್ ಟೇಟಮ್ ಅವರು. ೧೯೭೦ರ ದಶಕದಲ್ಲಿ ಅವರು ಮಾಡಿದ ಆಲೋಚನೆಯು ಸರಳವಾದುದಾದರೂ ಗಹನವಾದುದು. ಕುಹರದ ಪಕ್ಕದ ಗೋಡೆಯಲ್ಲಿ ಒಂದು ಬೆಳಕಿಂಡಿಯನ್ನು ಕೊರೆಯಬೇಕು. ಆದರೆ ಒಳಗಿನ ಪೊರೆಯನ್ನು ಹರಿಯಬಾರದು. ಗೋಡೆಗೆ ಅಂಟಿದ ಆ ಪೊರೆಯನ್ನು ಮೊಂಡಾದ ಸಲಕರಣೆಗಳಿಂದ ನೆಲದಿಂದ ಮೆಲ್ಲಮೆಲ್ಲನೆ ಬಿಡಿಸಿ ಮೇಲಕ್ಕೆತ್ತಬೇಕು. ಎತ್ತಿದ ಪೊರೆಯ ಕೆಳಗೆ ಉಂಟಾಗುವ ಎಡೆಯಲ್ಲಿ ಎಲುಬಿನ ಚೂರುಗಳನ್ನು ತುಂಬಿ ವಸಡನ್ನು ಹೊಲಿದರೆ, ಕೆಲವು ತಿಂಗಳುಗಳಲ್ಲಿ ಅಲ್ಲಿ ಹೊಸ ಎಲುಬು ಬೆಳೆಯುವುದು. ಹೀಗೆ ಕುಹರದ ನೆಲವೇ ಮೇಲೇರಿ ಲೋಹದ ಬೇರಿಗೆ ಆಶ್ರಯವು ದೊರೆಯುವುದು. ೧೯೭೬ರಲ್ಲಿ ಅಲಬಾಮಾದಲ್ಲಿ ನಡೆದ ಸಭೆಯಲ್ಲಿ ಟೇಟಮ್ ಅವರು ಇದನ್ನು ವಿವರಿಸಿದರು. ೧೯೮೦ರಲ್ಲಿ ಬಾಯ್ನ್ ಮತ್ತು ಜೇಮ್ಸ್ ಎಂಬ ವೈದ್ಯರು ರೋಗಿಯ ಸ್ವಂತ ಎಲುಬನ್ನೂ ಮಜ್ಜೆಯನ್ನೂ ಉಪಯೋಗಿಸಿ ಈ ಚಿಕಿತ್ಸೆಯನ್ನು ಮಾಡಿದ ವರದಿಯನ್ನು ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಟೇಟಮ್ ಅವರ ಸ್ವಂತ ಲೇಖನವು ೧೯೮೬ರಲ್ಲಿ ಹೊರಬಂದಿತು.

ಕಾಲ್ಡ್‌ವೆಲ್ ಮತ್ತು ಲ್ಯೂಕರ ಬಾಗಿಲಿಗೂ ಟೇಟಮ್ಮರ ಬೆಳಕಿಂಡಿಗೂ ಇರುವ ಭೇದವು ಇಲ್ಲಿ ಸ್ಪಷ್ಟವಾಗುವುದು. ಹಿಂದಿನವರು ಕುಹರದ ಒಳಕ್ಕೆ ಹೋದರು. ಇವರು ಕುಹರದ ಒಳಕ್ಕೆ ಹೋಗಲೇ ಇಲ್ಲ. ಪೊರೆಯ ಹೊರಗೆ ನಿಂತು, ಪೊರೆಯ ಮರ್ಯಾದೆಯನ್ನು ಮೀರದೆ ಕೆಲಸವನ್ನು ಸಾಧಿಸಿದರು. ಈ ಚಿಕಿತ್ಸೆಯ ಗೆಲುವೆಲ್ಲ ಈ ಸಂಯಮದಲ್ಲಿಯೇ ಅಡಗಿದೆ.

೧೯೯೪ರಲ್ಲಿ ರಾಬರ್ಟ್ ಸಮ್ಮರ್ಸ್ ಎಂಬವರು ಇನ್ನೂ ಸಣ್ಣ ದಾರಿಯೊಂದನ್ನು ತೋರಿಸಿದರು. ಪಕ್ಕದ ಗೋಡೆಯನ್ನು ಕೊರೆಯದೆ, ಹಲ್ಲು ನೆಡುವ ಕುಳಿಯ ಮೂಲಕವೇ ಉಳಿಯಂತಹ ಸಲಕರಣೆಯಿಂದ ಮೆಲ್ಲನೆ ತಟ್ಟಿ ನೆಲವನ್ನು ಪೊರೆಸಹಿತ ಮೇಲಕ್ಕೆ ಸರಿಸುವ ಕ್ರಮವದು. ಸಾಮಾನ್ಯವಾಗಿ ಐದಾರು ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಎಲುಬು ಉಳಿದಿರುವವರಿಗೆ ಈ ದಾರಿಯು ಒಪ್ಪುವುದು. ಅದಕ್ಕಿಂತ ಕಡಿಮೆಯಿದ್ದರೆ ಬೆಳಕಿಂಡಿಯ ದಾರಿಯೇ ರೂಢಿ.

೧೯೯೬ರಲ್ಲಿ ಅಮೆರಿಕೆಯ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ಈ ವಿದ್ಯೆಯ ಪರಿಣತರು ಸೇರಿ, ಅದುವರೆಗಿನ ಸುಮಾರು ಹತ್ತು ವರ್ಷಗಳ ಅನುಭವವನ್ನು ತೂಗಿ ನೋಡಿದರು. ೩೮ ವೈದ್ಯರು ಮಾಡಿದ ೧,೦೦೭ ಕುಹರಚಿಕಿತ್ಸೆಗಳೂ ಅವುಗಳಲ್ಲಿ ನೆಟ್ಟ ೨,೯೯೭ ಕೃತಕ ಬೇರುಗಳೂ ಪರಿಶೀಲನೆಗೆ ಬಂದವು. ಅವುಗಳಲ್ಲಿ ೨೨೯ ಬೇರುಗಳು ಕಳೆದುಹೋಗಿದ್ದವು; ಒಟ್ಟಿನಲ್ಲಿ ಶೇಕಡ ೯೦ರಷ್ಟು ಸಾಫಲ್ಯವು ಕಂಡುಬಂದಿತು. ಆದರೆ ತುಂಬುವ ವಸ್ತುಗಳ ಪೈಕಿ ಇಂಥದೇ ಶ್ರೇಷ್ಠವೆಂದು ಆ ಸಭೆಯು ಕಡೆಯದಾಗಿ ನಿರ್ಣಯಿಸಲಾಗಲಿಲ್ಲ. ಈ ಮಾತಿನ ಮಹತ್ವವು ಮುಂದೆ ತಿಳಿಯುವುದು.

ತರುವಾಯದ ಸುಧಾರಣೆಗಳು ಹಲವು. ೧೯೯೮ರ ಸುಮಾರಿಗೆ ಇಟಲಿಯಲ್ಲಿ ಹಲ್ಲಿಗಾಗಿಯೇ ಸಿದ್ಧವಾದ ಹೊಸ ಬಗೆಯ ಸಿ.ಟಿ. ಯಂತ್ರದಿಂದ ಎಲುಬಿನ ದಪ್ಪವನ್ನೂ ಗೋಡೆಯೊಳಗಿನ ರಕ್ತನಾಳವನ್ನೂ ಮೊದಲೇ ಅಳೆದು ನೋಡುವುದು ಸಾಧ್ಯವಾಯಿತು. ೨೦೦೧ರಲ್ಲಿ ಇಟಲಿಯವರೇ ಆದ ತೊಮಾಸೊ ವೆರ್ಚೆಲ್ಲೊತ್ತಿಯವರು ಸೂಕ್ಷ್ಮಕಂಪನದಿಂದ ಎಲುಬನ್ನು ಮಾತ್ರ ಕತ್ತರಿಸಿ ಮೃದುವಾದ ಪೊರೆಗೆ ಹೆಚ್ಚಾಗಿ ಹಾನಿಮಾಡದ ಸಲಕರಣೆಯ ಪ್ರಯೋಗವನ್ನು ಪ್ರಕಟಿಸಿದರು. ೨೦೦೪ರಲ್ಲಿ ಸ್ವೀಡನ್ನಿನ ಲುಂಡ್‌ಗ್ರೆನ್ ಮತ್ತು ಸಂಗಡಿಗರು, ಪೊರೆಯನ್ನೆತ್ತಿ ಕೃತಕ ಬೇರುಗಳನ್ನು ಕಂಬಗಳಂತೆ ನಿಲ್ಲಿಸಿದರೆ, ಬೇರೆ ಏನನ್ನೂ ತುಂಬದಿದ್ದರೂ, ಅಲ್ಲಿ ಹೆಪ್ಪುಗಟ್ಟಿದ ರಕ್ತವೇ ಎಲುಬಾಗಿ ಪರಿಣಮಿಸುವುದೆಂದು ತೋರಿಸಿದರು.

ದೋಷಗಳನ್ನೂ ಹೇಳದೆ ಬಿಟ್ಟರೆ ಚರಿತ್ರೆಯು ಅಪೂರ್ಣವಾಗುವುದು. ೨೦೦೮ರಲ್ಲಿ ಪ್ರಕಟವಾದ ಒಂದು ವ್ಯಾಪಕ ಪರಿಶೀಲನೆಯಂತೆ ಬೆಳಕಿಂಡಿಯ ಕ್ರಮದಲ್ಲಿ ಸುಮಾರು ಐದರಲ್ಲಿ ಒಂದು ಸಲ ಪೊರೆಗೆ ರಂಧ್ರ ಬೀಳುವುದುಂಟು. ಸಣ್ಣದಾದರೆ ಅಲ್ಲಿಯೇ ಮುಚ್ಚಬಹುದು; ದೊಡ್ಡದಾದರೆ ಕೆಲಸವನ್ನು ನಿಲ್ಲಿಸಿ ಕೆಲವು ತಿಂಗಳು ಕಾಯಬೇಕಾಗುವುದು. ಕೆಲವರಿಗೆ ಕುಹರದಲ್ಲಿ ಕೀವಾಗುವುದೂ ಉಂಟು. ತಂಬಾಕು, ಬೀಡಿಗಳ ಅಭ್ಯಾಸವುಳ್ಳವರಲ್ಲಿಯೂ, ಹತೋಟಿಯಿಲ್ಲದ ಸಕ್ಕರೆರೋಗವುಳ್ಳವರಲ್ಲಿಯೂ ಗಾಯವು ನಿಧಾನವಾಗಿ ಮಾಯುವುದು, ಸೋಲುವ ಸಂಭವವೂ ಹೆಚ್ಚುವುದು. ಚಿಕಿತ್ಸೆಯಾದ ಮೇಲೆ ಕೆಲವು ವಾರ ಮೂಗನ್ನು ಬಲವಾಗಿ ಸೀನಬಾರದು; ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ಎಲುಬು ಬಲಿಯಲು ಆರು ತಿಂಗಳು ಅಥವಾ ಅದಕ್ಕಿಂತಲೂ ಹೆಚ್ಚು ಕಾಲ ಹಿಡಿಯುವುದುಂಟು. ತಾಳ್ಮೆಯಿಲ್ಲದವರಿಗೆ ಈ ಚಿಕಿತ್ಸೆಯಲ್ಲ.

ಕನ್ನಡ ನಾಡಿನಲ್ಲಿ ದಂತವಿದ್ಯೆ

ಇಂತಹ ವಿದ್ಯೆಯು ಈ ಸೀಮೆಯವರ ಕೈಗೆ ಎಟುಕುವಂತೆ ಆದುದು ಹೇಗೆ? ಭಾರತದಲ್ಲಿ ಮೊದಲನೆಯ ದಂತವೈದ್ಯ ಕಾಲೇಜನ್ನು ೧೯೨೦ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿಸಿದವರು ಡಾಕ್ಟರ್ ರಫೀಉದ್ದೀನ್ ಅಹ್ಮದ್ ಅವರು. ದೇಶವು ಸ್ವತಂತ್ರವಾದ ಮರುವರ್ಷ, ೧೯೪೮ರಲ್ಲಿ, ದಂತವೈದ್ಯರ ಕಾಯಿದೆಯಾಗಿ ಈ ವೃತ್ತಿಗೆ ಕಟ್ಟುಪಾಡು ಬಂದಿತು. ೨೦೨೩ರಲ್ಲಿ ಅದರ ಸ್ಥಾನಕ್ಕೆ ಹೊಸ ಕಾಯಿದೆಯೊಂದನ್ನು ಸಂಸತ್ತು ಅಂಗೀಕರಿಸಿತು. ಕನ್ನಡ ನಾಡಿನಲ್ಲಿ ಬೆಂಗಳೂರಿನ ಸರಕಾರಿ ಕಾಲೇಜು ೧೯೫೮ರಲ್ಲಿಯೂ, ಮಣಿಪಾಲದ ಕಾಲೇಜು ೧೯೬೫ರಲ್ಲಿಯೂ ಆರಂಭವಾದವು.

ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಆಗ ಬಳ್ಳಾರಿ ಜಿಲ್ಲೆಯೊಡನೆ ಮದರಾಸಿಗೆ ಸೇರಿದ್ದು, ೧೯೫೩ನೆಯ ಅಕ್ಟೋಬರ್ ೧ರಂದು ಮೈಸೂರು ಸಂಸ್ಥಾನವನ್ನು ಕೂಡಿಕೊಂಡವು. ಕೊಟ್ಟೂರು, ಹಗರಿಬೊಮ್ಮನಹಳ್ಳಿ ತಾಲ್ಲೂಕುಗಳು ಅನಂತರ ರಚಿತವಾದವು. ೧೯೯೭ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದ್ದ ಹರಪನಹಳ್ಳಿಯು ಬಳ್ಳಾರಿಗೆ ಮರಳಿದ ಮೇಲೆ, ೨೦೨೧ರಲ್ಲಿ ಐದೂ ತಾಲ್ಲೂಕುಗಳು ನೂತನ ವಿಜಯನಗರ ಜಿಲ್ಲೆಯಲ್ಲಿ ಒಂದಾದವು. ಈ ಸೀಮೆಗೆ ಸಮೀಪದಲ್ಲಿ ದಂತವಿದ್ಯೆಯ ದೊಡ್ಡ ನೆಲೆಯಾದುದು ದಾವಣಗೆರೆ. ೧೯೫೮ರಲ್ಲಿ ಹುಟ್ಟಿದ ಬಾಪೂಜಿ ವಿದ್ಯಾಸಂಸ್ಥೆಯು ಅಲ್ಲಿ ೧೯೭೯ರಲ್ಲಿ ದಂತವೈದ್ಯ ಕಾಲೇಜನ್ನು ತೆರೆಯಿತು. ಬಳ್ಳಾರಿಯಲ್ಲಿಯೂ ಸರಕಾರಿ ದಂತವೈದ್ಯ ಕಾಲೇಜು ಇದೆ. ೧೯೧೬ರಲ್ಲಿ ಬೆಳಗಾವಿಯಲ್ಲಿ ಸ್ಥಾಪಿತವಾದ ಕೆ.ಎಲ್.ಇ. ಸಂಸ್ಥೆಯು ೧೯೮೫ರಲ್ಲಿ ದಂತವೈದ್ಯ ಕಾಲೇಜನ್ನು ಆರಂಭಿಸಿತು. ಸುತ್ತೂರು ಮಠದ ಆಶ್ರಯದಲ್ಲಿ ೧೯೫೪ರಲ್ಲಿ ಹುಟ್ಟಿದ ಜೆ.ಎಸ್.ಎಸ್. ಮಹಾವಿದ್ಯಾಪೀಠವು ಮೈಸೂರಿನಲ್ಲಿ ಅಂತಹುದೇ ಕಾಲೇಜನ್ನು ನಡೆಸುತ್ತಿದೆ. ಹಿಡಿಯಕ್ಕಿಯಿಂದ ಪ್ರಸಾದನಿಲಯಗಳನ್ನು ಕಟ್ಟಿದ ಸಮಾಜವು ಕಾಲಕ್ರಮದಲ್ಲಿ ಈ ಸೂಕ್ಷ್ಮವಿದ್ಯೆಗೂ ಮನೆಯನ್ನು ಕಟ್ಟಿಕೊಟ್ಟಿತೆಂಬುದು ಸ್ಮರಣೀಯವಾದ ಸಂಗತಿ. ವಸಡು, ಕೃತಕದಂತ, ಬಾಯಿಯ ಶಸ್ತ್ರಚಿಕಿತ್ಸೆ ಎಂಬ ಮೂರು ವಿಭಾಗಗಳ ಉನ್ನತ ಶಿಕ್ಷಣವನ್ನು ಪಡೆದವರು ಕುಹರಚಿಕಿತ್ಸೆಯನ್ನು ಅಭ್ಯಾಸಮಾಡುವರು.

ಭಕ್ತರು ಕೇಳಿ ತಿಳಿಯಬೇಕಾದುದು

ಈ ಚರಿತ್ರೆಯನ್ನು ಓದಿದ ಲಿಂಗವಂತರಿಗೆ ಒಂದು ವಿಷಯವನ್ನು ಮರೆಮಾಡದೆ ತಿಳಿಸುವುದು ಅವಶ್ಯಕ. ಎತ್ತಿದ ಪೊರೆಯ ಕೆಳಗೆ ತುಂಬುವ ವಸ್ತುಗ‍ಳು ನಾಲ್ಕು ಬಗೆಯವು. ರೋಗಿಯ ಸ್ವಂತ ದವಡೆಯಿಂದಲೋ ಸೊಂಟದಿಂದಲೋ ತೆಗೆದ ಎಲುಬು ಮೊದಲನೆಯದು. ದಾನವಾಗಿ ಬಂದ ಮಾನವ ಎಲುಬು ಎರಡನೆಯದು. ಪ್ರಾಣಿಯ, ಬಹುಮಟ್ಟಿಗೆ ದನದ, ಎಲುಬಿನಿಂದ ಜೀವಾಂಶವನ್ನೆಲ್ಲ ತೆಗೆದು ಉಳಿಸಿದ ಖನಿಜದ ಹರಳು ಮೂರನೆಯದು. ಕ್ಯಾಲ್ಸಿಯಂ ಫಾಸ್ಫೇಟಿನಿಂದ ಕಾರ್ಖಾನೆಯಲ್ಲಿಯೇ ಮಾಡಿದ ಹರಳು ನಾಲ್ಕನೆಯದು. ಲೋಕದಲ್ಲಿ ಮೂರನೆಯದರ ಬಳಕೆಯು ವಿಶೇಷವಾಗಿರುವುದು. ಬೆಳಕಿಂಡಿಯನ್ನು ಮುಚ್ಚುವ ತೆಳುಹಾಳೆಯೂ ಅನೇಕ ಸಲ ಪ್ರಾಣಿಜನ್ಯವಾಗಿರುವುದು.

ಇಷ್ಟಲಿಂಗವನ್ನು ಧರಿಸಿ ಸಸ್ಯಾಹಾರವನ್ನು ಪಾಲಿಸುವ ಭಕ್ತನಿಗೆ ಇದರಿಂದ ಮನಸ್ಸಿಗೆ ಕ್ಲೇಶವಾಗಬಹುದು, ಅದು ಸಹಜವೇ. ಪ್ರಾಣರಕ್ಷಣೆಗಾಗಿ ಔಷಧವನ್ನು ಸ್ವೀಕರಿಸುವುದು ಒಂದು ಮಾತು. ರೊಟ್ಟಿ ಅಗಿಯುವ ಸೌಕರ್ಯಕ್ಕಾಗಿ ಸ್ವೀಕರಿಸುವುದು ಇನ್ನೊಂದು ಮಾತು. ಎರಡರ ತಾರತಮ್ಯವನ್ನು ಅವರವರ ಅಂತಃಸಾಕ್ಷಿಯೇ ನಿರ್ಣಯಿಸಬೇಕು. ಆದರೆ ನಿರ್ಣಯಿಸುವುದಕ್ಕೆ ಮೊದಲು ತಿಳಿದಿರಬೇಕು. ತಿಳಿಯುವುದಕ್ಕೆ ಮೊದಲು ಕೇಳಬೇಕು. ಚಿಕಿತ್ಸೆಗೆ ಒಪ್ಪಿಗೆಯ ಕಾಗದಕ್ಕೆ ರುಜು ಹಾಕುವ ಮುನ್ನ ತುಂಬುವ ವಸ್ತುವು ಯಾವುದೆಂದು ಕೇಳುವ ಹಕ್ಕು ಪ್ರತಿಯೊಬ್ಬ ರೋಗಿಗೂ ಉಂಟು. ೧೯೯೬ರ ಸಭೆಯು ಒಂದೇ ವಸ್ತುವನ್ನು ಶ್ರೇಷ್ಠವೆಂದು ನಿರ್ಣಯಿಸಲಾಗದೆ ಇದ್ದುದೂ, ಏನನ್ನೂ ತುಂಬದೆ ಎಲುಬು ಬೆಳೆದ ೨೦೦೪ರ ನಿದರ್ಶನವೂ, ರೋಗಿಯ ಸ್ವಂತ ರಕ್ತದಿಂದಲೇ ನಾರಿನ ಪದರವನ್ನು ಸಿದ್ಧಪಡಿಸುವ, ೨೦೦೧ರಲ್ಲಿ ಫ್ರಾನ್ಸಿನಿಂದ ಬಂದ ಕ್ರಮವೂ ಇಲ್ಲಿ ಸಹಾಯಕ್ಕೆ ಬರುವುವು. ಭಕ್ತನು ತನ್ನ ಸಂಕೋಚವನ್ನು ಬಾಯಿಬಿಟ್ಟು ಹೇಳಿದರೆ ಕಾರ್ಖಾನೆಯ ಹರಳನ್ನೋ ಸ್ವಂತ ಎಲುಬನ್ನೋ ಉಪಯೋಗಿಸಲು ಸಾಧ್ಯವೇ ಎಂಬುದನ್ನು ವೈದ್ಯರು ಪರಿಶೀಲಿಸಿ ಹೇಳಬಲ್ಲರು.

ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಕುಹರವನ್ನು ಎತ್ತಲೇಬೇಕೇ? ಉಳಿದ ಎಲುಬು ಸಾಕಾದರೆ ಗಿಡ್ಡನೆಯ ಕೃತಕ ಬೇರನ್ನು ನೆಡುವುದುಂಟು. ಎರಡೂ ಪಕ್ಕದ ಹಲ್ಲುಗಳು ದೃಢವಾಗಿದ್ದರೆ ಸೇತುವೆಯಂತೆ ಹಲ್ಲು ಕಟ್ಟಿಸುವುದುಂಟು. ತೆಗೆದು ಹಾಕುವ ಹಲ್ಲಿನ ಸೆಟ್ಟಿನಿಂದಲೇ ತೃಪ್ತರಾದವರೂ ಅನೇಕರಿರುವರು. ಕುಹರಚಿಕಿತ್ಸೆಯು ಬಹುದ್ರವ್ಯವನ್ನೂ ಬಹುಕಾಲವನ್ನೂ ಬೇಡುವುದು. ಸಾಲಮಾಡಿ ಹಲ್ಲು ನೆಡಿಸಿಕೊಳ್ಳುವುದು ವಿವೇಕವಲ್ಲ. ಅನುಕೂಲವಿದ್ದು ಭಯದಿಂದ ಹಿಂಜರಿಯುವುದೂ ವಿವೇಕವಲ್ಲ.

ಉಪಸಂಹಾರ

ಸುಶ್ರುತನ ನಿಷೇಧದಿಂದ ಮೊದಲ್ಗೊಂಡು ಟೇಟಮ್ಮರ ಬೆಳಕಿಂಡಿಯವರೆಗಿನ ಈ ದೀರ್ಘ ಚರಿತ್ರೆಯಲ್ಲಿ ಒಂದು ತತ್ತ್ವವು ಎದ್ದುಕಾಣುವುದು. ಮೇಲ್ದವಡೆಯು ಮೊದಲು ಭಯದ ಸ್ಥಾನವಾಗಿತ್ತು; ಅಲ್ಲಿಯ ಶೂನ್ಯವನ್ನು ಕಣ್ಣಾರೆ ಕಂಡಮೇಲೆ ಅದು ಅರಿವಿನ ಸ್ಥಾನವಾಯಿತು; ಶೂನ್ಯದ ಪೊರೆಯನ್ನು ಹರಿಯದೆ ಎತ್ತಲು ಕಲಿತಮೇಲೆ ಅದು ಆಶ್ರಯದ ಸ್ಥಾನವಾಯಿತು.

ಆದರೆ ಆ ಪ್ರಾಚೀನ ಆಚಾರ್ಯನ ಮಾತಿನಲ್ಲಿ ಅಳಿಯದೆ ಉಳಿದ ಸಾರವೂ ಒಂದುಂಟು. ಮೇಲಿನ ಹಲ್ಲನ್ನು ಸುಲಭವಾಗಿ ಕಳೆದುಕೊಳ್ಳಬೇಡ ಎಂಬುದೇ ಆ ಸಾರವು. ಕಣ್ಣು ಹೋಗುವುದೆಂಬ ಕಾರಣದಿಂದಲ್ಲ. ಹಲ್ಲು ಹೋದರೆ ಎಲುಬು ಕರಗುವುದು, ಕುಹರವು ಇಳಿಯುವುದು, ಮತ್ತೆ ಅದನ್ನು ಮೇಲೆತ್ತಲು ಇಷ್ಟೆಲ್ಲ ವಿದ್ಯೆಯೂ ದ್ರವ್ಯವೂ ಬೇಕಾಗುವುದು ಎಂಬ ಕಾರಣದಿಂದ. ಪೂಜೆಗೆ ಮುನ್ನ ಬಾಯಿ ಶುದ್ಧಿಮಾಡಿಕೊಳ್ಳುವ ಭಕ್ತನು ರಾತ್ರಿ ಮಲಗುವ ಮುನ್ನವೂ ಹಲ್ಲುಜ್ಜುವುದನ್ನು ನಿಯಮವನ್ನಾಗಿ ಮಾಡಿಕೊಂಡರೆ, ವಸಡಿನಲ್ಲಿ ರಕ್ತ ಕಂಡಕೂಡಲೇ ವೈದ್ಯರನ್ನು ಕಂಡರೆ, ತಂಬಾಕನ್ನು ಬಿಟ್ಟರೆ, ಅನೇಕರಿಗೆ ಈ ಲೇಖನದ ಚಿಕಿತ್ಸೆಯು ಓದಿ ತಿಳಿಯುವ ವಿಷಯವಾಗಿಯೇ ಉಳಿಯುವುದು. ಹಲ್ಲು ಹೋಗಿಯೇ ಹೋದವರು ವರ್ಷಗಟ್ಟಲೆ ಕಾಯದೆ, ಎಲುಬು ಇನ್ನೂ ಉಳಿದಿರುವಾಗಲೇ ಬಲ್ಲವರ ಸಲಹೆಯನ್ನು ಪಡೆಯುವುದು ಲೇಸು.

ಮಠದ ಪಂಕ್ತಿಯಲ್ಲಿ ಕುಳಿತ ಹಿರಿಯರೆಲ್ಲರೂ ತಮ್ಮ ಪಾಲಿನ ರೊಟ್ಟಿಯನ್ನು ನೆನೆಯಿಸದೆ ಅಗಿದುಂಡು, ಗುರುನಾಮವನ್ನು ಸ್ಫುಟವಾಗಿ ಉಚ್ಚರಿಸುವ ಭಾಗ್ಯವು ದೀರ್ಘಕಾಲ ಉಳಿಯಲಿ.